ಬೆಚ್ಚಗಿನ ಕಡಲಿಗೆ ಹೊರಟ ಗಣಪತಿ

ಭಟ್ಟರು ಹೋದ ಸುದ್ದಿ ಬಂದಾಗ ನಾನು ಲಂಡನ್ನಿನ ರೇನರ್ಸ್ ಲೇನಿನ ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ಎಳೆಯದೋ ಬಲಿತದ್ದೋ ನೋಡುತ್ತಿದ್ದೆ. ಹಾಗೆ ಮುರಿಯಬಾರದೆಂದು ಅಂಗಡಿಯವಳು ಬೋರ್ಡೇ ಬರೆದು ಹಾಕಿದ್ದಾಳೆ, ಆದರೂ ಕೈ ಕೇಳಬೇಕಲ್ಲ. ಫೋನಿನಲ್ಲಿ ಭಟ್ಟರ ಮಗಳು. ‘ಆಂಟಿ, ಡ್ಯಾಡ್ ಇವತ್ತು ಬೆಳಿಗ್ಗೆ ಏಳಲಿಲ್ಲ’ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾನು ‘ಯಾಕಮ್ಮ, ಹುಷಾರಿಲ್ವಾ?’ ಎಂದು ಕೇಳಿಬಿಟ್ಟೆ. ಅವಳು ಸುಮ್ಮನಾದಳು. ಆ ಮೌನ ಕೇಳಿದ ಮೇಲೆ ನನ್ನ ಮಂದ ತಲೆಗೆ ವಿಷಯ ಇಳಿಯಿತು. ಬೆಂಡೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವರ ಬಗ್ಗೆ ನಾಲ್ಕು ಮಾತು ಬರೆದುಕೊಡಿ ಎಂದು ನಮ್ಮ ಕನ್ನಡದ ಗುಂಪಿನವರು ಈಗ ನನ್ನ ಹಿಂದೆ ಬಿದ್ದಿದ್ದಾರೆ. ಸಂಪ್ರದಾಯನಿಷ್ಠರು, ಹಿರಿಯ ಪುರೋಹಿತರು, ಮಿತಭಾಷಿಗಳು ಎಂದೆಲ್ಲ ಬರೆಯಬೇಕಂತೆ. ಬರೆಯಬಹುದು. ಆದರೆ ಸಂಪ್ರದಾಯನಿಷ್ಠರು ಎನ್ನುವ ಕಡೆ ಪೆನ್ನು ನಿಂತುಬಿಡುತ್ತದೆ. ಗ್ರೀಸ್ ದೇಶದ ಒಂದು ಕಡಲತೀರದಲ್ಲಿ ಆ ಮನುಷ್ಯ ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ, ಮತ್ತು ಅವರು ಮಾಡಿದ್ದು ಸರಿಯೋ ತಪ್ಪೋ ಎಂಬುದು ನನಗೆ ಇವತ್ತಿನವರೆಗೂ ಬಗೆಹರಿದಿಲ್ಲ. ಬಗೆಹರಿಯದ್ದನ್ನೇ ಬರೆಯುತ್ತೇನೆ, ಬೇಕಾದರೆ ಹಾಕಿಕೊಳ್ಳಲಿ, ಬೇಡದಿದ್ದರೆ ಬಿಡಲಿ.

ಕುಂದಾಪುರದ ಕಡೆಯವರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ, ಎಲ್ಲರ ಬಾಯಲ್ಲೂ ಭಟ್ಟರೇ. ವಾರವೆಲ್ಲ ಕ್ವೀನ್ಸ್‌ಬರಿಯ ಒಂದು ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದರು, ರಜೆ ಸಿಕ್ಕ ದಿನ ನಮ್ಮಂಥವರ ಮನೆಗಳಲ್ಲಿ ಪೂಜೆ. ಪಂಚೆಯ ಮೇಲೆ ದಪ್ಪ ಜಾಕೆಟ್ಟು, ತಲೆಗೆ ಉಲ್ಲನ್ ಟೊಪ್ಪಿ, ಹಿಂದೆ ತರಕಾರಿ ತರುವ ಗಾಲಿಚೀಲ. ಹಾಗೇ ಟ್ಯೂಬ್ ರೈಲು ಹತ್ತಿ ಬರುತ್ತಿದ್ದರು. ಚೀಲದೊಳಗೆ ದರ್ಭೆ, ಗಂಟೆ, ಅರಿಶಿನ ಕುಂಕುಮದ ಡಬ್ಬಿ, ಜೊತೆಗೊಂದು ಸ್ಕ್ರೂಡ್ರೈವರ್. ಹೋಮಕ್ಕೆ ಮೊದಲು ಮನೆಯ ಹೊಗೆ ಅಲಾರ್ಮ್ ಬಿಚ್ಚಿಡಬೇಕಲ್ಲ, ಅದಕ್ಕೆ. ಕುರ್ಚಿ ಹತ್ತಿ ಅದನ್ನು ಬಿಚ್ಚಿ ನಮ್ಮ ಕೈಗೆ ಕೊಡುತ್ತ, ‘ಮೊದ್ಲು ಇವ್ನಿಗೆ ವಿಸರ್ಜನೆ, ಮತ್ತೆ ಗಣಪತಿಗೆ ಆವಾಹನೆ’ ಅನ್ನುತ್ತಿದ್ದರು. ಮುಖದಲ್ಲಿ ನಗುವಿನ ಸುಳಿವಿಲ್ಲ. ಅದು ತಮಾಷೆಯೋ ಶಾಸ್ತ್ರವೋ ಗೊತ್ತಾಗದೆ ಹೊಸಬರು ಕೈ ಮುಗಿದದ್ದೂ ಉಂಟು.

ಏನು ಕೇಳಿದರೂ ಅವರದು ಒಂದೇ ಉತ್ತರ, ‘ಕಾಂಬ’. ಅವರ ಸೀಮೆಯ ಮಾತಿನಲ್ಲಿ ನೋಡೋಣ ಎಂದರ್ಥ. ಮುಹೂರ್ತ ಸಂಜೆಗೆ ಇಟ್ಟುಕೊಂಡರೆ ನಡೆಯುತ್ತಾ ಭಟ್ರೇ, ಮಾವಿನೆಲೆ ಸಿಗಲಿಲ್ಲ ಬೇರೆ ಎಲೆ ಆಗುತ್ತಾ, ಮಗ ಕೌನ್ಸಿಲ್ ಆಫೀಸಿನಿಂದ ಬರುವುದು ತಡ, ಸಂಕಲ್ಪಕ್ಕೆ ಅವನ ಬದಲು ಸೊಸೆ ಕೂತರೆ? ಎಲ್ಲಕ್ಕೂ ಕಾಂಬ. ಕಂಡು, ಕೊನೆಗೆ ಆಗಲಿ ಅಂದುಬಿಡುವರು. ಹೊರದೇಶಕ್ಕೆ ಬಂದ ದೇವರು ಸ್ವಲ್ಪ ಹೊಂದಿಕೊಳ್ಳಬೇಕು ಎಂಬುದು ಅವರ ಲೆಕ್ಕ.

ಒಂದೇ ಒಂದು ವಿಷಯದಲ್ಲಿ ಮಾತ್ರ ಕಾಂಬ ಇರಲಿಲ್ಲ. ಭಿನ್ನವಾದ ದೇವರನ್ನು ಮನೆಯಲ್ಲಿಟ್ಟುಕೊಳ್ಳುವ ಹಾಗಿಲ್ಲ. ಕೈ ಮುರಿದ ಕೃಷ್ಣ, ಮುಕ್ಕಾದ ಲಕ್ಷ್ಮಿ, ಯಾರೇ ಆಗಲಿ, ಅದನ್ನು ಹರಿಯುವ ನೀರಿಗೋ ಕಡಲಿಗೋ ಬಿಡಲೇಬೇಕು. ಒಮ್ಮೆ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದವರು ಮಣೆಯ ಮೇಲೆ ಕೂರದೆ ನಿಂತೇ ಇದ್ದರು. ಏನು ಎಂದರೆ, ನಮ್ಮತ್ತೆ ಕೊಟ್ಟಿದ್ದ ಲಕ್ಷ್ಮಿಯ ಪಟದ ಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು.

‘ಒಡೆದಿರೋದು ಗಾಜು ಭಟ್ರೇ, ಲಕ್ಷ್ಮಿ ಅಲ್ಲ’ ಎಂದೆ.

‘ಅದು ಒಳಗಿಡಿ ಅಮ್ಮ, ಮತ್ತೆ ಕೂತ್ಕೊಳ್ತೆ.’

‘ಬಂದವರೆಲ್ಲ ಕಾಯ್ತಿದಾರೆ.’

‘ಕಾಯ್ಲಿ.’

ಪಟವನ್ನು ಬಿಸಿನೀರಿನ ಟ್ಯಾಂಕಿನ ಕಪಾಟಿನಲ್ಲಿ, ಟವೆಲ್ಲುಗಳ ನಡುವೆ ಇಟ್ಟು ಬಂದ ಮೇಲೇ ಅವರು ಕೂತದ್ದು. ನನಗೆ ಎಲ್ಲಿಲ್ಲದ ಕೋಪ. ನಾನು ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಜನರಿಗೆ ಇಲ್ಲ ಇಲ್ಲ ಎಂದು ಹೇಳಿಯೇ ಆಯಸ್ಸು ಕಳೆದವಳು, ನನಗೇ ಇಲ್ಲ ಅನ್ನುವವರು ಸಿಕ್ಕಿದರೆ ಸಹಿಸುವುದು ಕಷ್ಟ.

ಹೀಗಾಗಿ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ದೇವರು ಮುಕ್ಕಾದರೆ ಅದು ಭಟ್ಟರ ಮನೆಗೆ ಹೋಗುತ್ತಿತ್ತು. ಕೌನ್ಸಿಲ್ಲಿನ ಕಸದ ತೊಟ್ಟಿಗೆ ಹಾಕಲು ಯಾರಿಗೆ ಕೈ ಬರುತ್ತದೆ? ಊರಿನ ಆ ತುದಿಯ ಇಲ್ಫರ್ಡಿನಿಂದಲೂ ಜನ ಬಂದು ಅವರ ಬಾಗಿಲಲ್ಲಿ ಬಟ್ಟೆಚೀಲ ಇಟ್ಟು ಹೋಗುತ್ತಿದ್ದರು. ಹಿತ್ತಲಿನ ಶೆಡ್ಡಿನಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಪಕ್ಕ ಸಾಲಾಗಿ ದೇವರುಗಳು. ಒಂದಷ್ಟು ಕೂಡಿದ ಮೇಲೆ ಭಟ್ಟರು ಗಾಲಿಚೀಲದಲ್ಲಿ ತುಂಬಿಕೊಂಡು ರೈಲು ಹತ್ತಿ, ಥೇಮ್ಸ್ ನದಿ ಕಡಲು ಸೇರುವ ಕಡೆ ಹೋಗಿ ಬಿಟ್ಟು ಬರುತ್ತಿದ್ದರು. ಅಲ್ಲಿ ನೀರೆಲ್ಲ ಕೆಸರು, ಬಿಟ್ಟ ಕ್ಷಣಕ್ಕೆ ಮಾಯ. ಬರುವಾಗ ಹೆಂಡತಿಗೆಂದು ಒಂದು ಪೊಟ್ಟಣ ಬಿಸಿ ಚಿಪ್ಸು ತರುತ್ತಿದ್ದರಂತೆ, ಮನೆ ಮುಟ್ಟುವಾಗ ಅದು ತಣ್ಣಗಾಗಿರುತ್ತಿತ್ತಂತೆ.

ಆ ಹೆಂಡತಿ ಗಟ್ಟಿ ಹೆಂಗಸು. ಭಟ್ಟರು ಊರಿಗೆಲ್ಲ ಪೂಜೆ ಮಾಡಿಸಿದರೂ ತಮ್ಮ ಮನೆಯ ದೇವರಕೋಣೆಯಲ್ಲಿ ಆಕೆಯದೇ ದರ್ಬಾರು. ಅಂಗೈಯಗಲದ ಒಂದು ಕರಿಕಲ್ಲಿನ ಗಣಪತಿ, ತವರಿನಿಂದ ಮದುವೆಯಲ್ಲಿ ತಂದದ್ದು. ಅದಕ್ಕೆ ನೀರೆರೆಯಲು ಗಂಡನನ್ನೂ ಬಿಡುತ್ತಿರಲಿಲ್ಲ. ಕಾಯಿಲೆ ಬಂದು ಕೈಯಲ್ಲಿ ಶಕ್ತಿ ಇಲ್ಲದಾದ ಮೇಲೂ ಬಿಡಲಿಲ್ಲ. ಒಂದು ದಿನ ಒರೆಸುವಾಗ ಗಣಪತಿ ಕೈಜಾರಿ ನೆಲಕ್ಕೆ ಬಿದ್ದು ಸೊಂಡಿಲು ಮುರಿಯಿತು. ಆಮೇಲೆ ಆಕೆ ಹೆಚ್ಚು ದಿನ ಇರಲಿಲ್ಲ. ಹೋಗುವ ಮುಂಚೆ ಗಂಡನ ಹತ್ತಿರ ಮಾತು ತೆಗೆದುಕೊಂಡರು. ನನ್ನ ಗಣಪತಿಯನ್ನ ಕಡಲಿಗೆ ಬಿಡಿ, ಆದರೆ ಈ ಊರಿನ ಚಳಿನೀರಿಗೆ ಬೇಡ, ಎಲ್ಲಾದರೂ ಬೆಚ್ಚಗಿನ ಕಡಲು ನೋಡಿ ಬಿಡಿ.

ಇದೆಲ್ಲ ನನಗೆ ಗೊತ್ತಾದದ್ದು ಗ್ರೀಸಿನಲ್ಲಿ, ಅಥೆನ್ಸಿನಿಂದ ಹೊರಟ ಬಸ್ಸಿನಲ್ಲಿ. ನಮ್ಮ ಗುಂಪಿನ ನಿವೃತ್ತರೆಲ್ಲ ಸೇರಿ ಒಂದು ಟೂರ್ ಬುಕ್ ಮಾಡಿದ್ದೆವು. ನಮ್ಮ ಯಜಮಾನರು ಬರಲಿಲ್ಲ, ದುಡ್ಡು ಕೊಟ್ಟು ಬಿದ್ದ ಕಲ್ಲು ನೋಡೋದು ನನ್ನಿಂದಾಗದು ಎಂದು ಸೋಫಾದಲ್ಲೇ ಉಳಿದರು. ಭಟ್ಟರು ಬಂದದ್ದು ಎಲ್ಲರಿಗೂ ಆಶ್ಚರ್ಯ. ಥೇಮ್ಸ್ ದಾಟಲು ಕೂಡ ಕಾರಣ ಬೇಕಾದ ಮನುಷ್ಯ. ಆ ದಿನದ ಕಾರ್ಯಕ್ರಮ, ಬೆಳಿಗ್ಗೆ ಹಳೆಯ ಕೊರಿಂತ್ ಪಟ್ಟಣದ ಅವಶೇಷಗಳು, ಮಧ್ಯಾಹ್ನದ ಮೇಲೆ ನಾಫ್ಲಿಯೊ ಎಂಬ ಕಡಲೂರು. ಭಟ್ಟರು ನನ್ನ ಪಕ್ಕ ಕೂತು, ತೊಡೆಯ ಮೇಲಿನ ಚೀಲದ ಜಿಪ್ಪು ಸ್ವಲ್ಪ ಎಳೆದು ತೋರಿಸಿದರು. ಕೆಂಪು ಶಾಲಿನ ತುಂಡಿನೊಳಗೆ ಗಣಪತಿ.

‘ಇವತ್ತು ಬಿಡುದು’ ಎಂದರು. ‘ನೀವೊಬ್ರು ಹತ್ರ ನಿಂತ್ಕೊಂಡ್ರೆ ಸಾಕಮ್ಮ. ಮೆಟ್ಲು ಇಳೂಕೆ ನಂಗೆ ಮಂಡಿ ಆತಿಲ್ಲೆ.’

‘ಊರಿಗೇ ಹೋಗಿ ಬಿಡಬಹುದಿತ್ತಲ್ಲ ಭಟ್ರೇ. ನಿಮ್ಮೂರ ಕಡಲಿಗಿಂತ ಬೆಚ್ಚಗಿನ ಕಡಲು ಬೇಕಾ?’

‘ಹಾರ್ಟಿನ ಡಾಕ್ಟ್ರು ಅಷ್ಟು ದೂರದ ವಿಮಾನ ಬೇಡ ಅಂತ ಹೇಳಿದ್ದಾರಲ್ಲ. ನಾಲ್ಕು ಗಂಟೆದ್ದು ಅಡ್ಡಿಲ್ಲ ಅಂದ್ರು. ಭೂಪಟದಲ್ಲಿ ಕಂಡೆ, ಅಷ್ಟ್ರೊಳಗೆ ಈ ಬೆಚ್ಚಗಿನ ಕಡಲು ಸಿಕ್ತದೆ.’

ಆಯ್ತು, ನಿಲ್ತೀನಿ ಅಂದೆ.

ಕೊರಿಂತಿನಲ್ಲಿ ಇಳಿದಾಗ ಬಿಸಿಲು ಬೆನ್ನು ಸುಡುತ್ತಿತ್ತು. ನಮ್ಮ ಗೈಡು ಒಬ್ಬ ತರುಣಿ, ಕೈಯಲ್ಲಿ ಹಳದಿ ಛತ್ರಿ, ಮಾತು ಚುರುಕು. ಗುಡ್ಡದ ಕೆಳಗೆ ಇಡೀ ಪಟ್ಟಣ ಮಂಡಿಯೆತ್ತರಕ್ಕೆ ಉಳಿದಿದೆ. ನಡುವೆ ಒಂದು ದಿಬ್ಬದ ಮೇಲೆ ಅಪೊಲೋ ದೇವರ ಗುಡಿಯ ಕೆಲವು ದಪ್ಪ ಕಂಬಗಳು, ಮೇಲೆ ಸೂರಿಲ್ಲ, ಒಳಗೆ ಗರ್ಭಗುಡಿಯಿಲ್ಲ. ಹಗ್ಗ ಕಟ್ಟಿದ ಕಡೆ ಎಲ್ಲರೂ ನಿಂತು ಫೋಟೋ ತೆಗೆಯಲು ಶುರು ಮಾಡಿದರೆ ಭಟ್ಟರು ಬಗ್ಗಿ ಶೂ ಬಿಚ್ಚುತ್ತಿದ್ದಾರೆ. ಅವರನ್ನು ನೋಡಿ ನಮ್ಮ ಗುಂಪಿನ ಇಬ್ಬರು ಹೆಂಗಸರೂ ಚಪ್ಪಲಿ ಬಿಟ್ಟರು. ಕಾದ ಕಲ್ಲಿನ ಮೇಲೆ ಒಂದು ನಿಮಿಷ ನಿಲ್ಲಲಾಗದೆ ಕಾಲು ಬದಲಿಸುತ್ತಿದ್ದ ಅವರನ್ನು ಕಂಡು ಗೈಡಿಗೆ ಗಾಬರಿ.

‘ಶೂ ಹಾಕಿಕೊಳ್ಳಿ, ಹಾಕಿಕೊಳ್ಳಿ. ಇಲ್ಲಿ ಈಗ ದೇವರಿಲ್ಲ’ ಎಂದಳು.

ಭಟ್ಟರು ನನ್ನ ಕಡೆ ತಿರುಗಿದರು. ‘ಎಲ್ಲಿಗೆ ಹೋದ್ರಂತೆ, ಕೇಳಿ.’

‘ಏನ್ ಭಟ್ರೇ ನೀವು.’

‘ಅಲ್ದಾ? ಕಳಿಸಿಕೊಟ್ಟವರು ಯಾರು? ಶಾಸ್ತ್ರ ಮಾಡಿ ಕಳಿಸಿದ್ರಾ, ಹಾಗೇ ಬಿಟ್ಟು ಹೋದ್ರಾ? ಹಾಗೇ ಬಿಟ್ಟು ಹೋದ್ರೆ ಇಲ್ಲೇ ಇರ್ಲಿಕ್ಕೆ ಬೇಕಲ್ಲ.’

ನಾಚಿಕೆ ಬಿಟ್ಟು ಕೇಳಿದೆ. ಆ ಹುಡುಗಿ ನಗಲಿಲ್ಲ, ಅದನ್ನು ಹೇಳಲೇಬೇಕು. ಛತ್ರಿ ಮಡಚಿ ಯೋಚಿಸಿದಳು. ಭೂಕಂಪ ಆಯಿತು, ಯುದ್ಧ ಆಯಿತು, ಹೊಸ ಧರ್ಮ ಬಂತು, ಕಲ್ಲನ್ನು ಜನ ಮನೆ ಕಟ್ಟಲು ಹೊತ್ತುಕೊಂಡು ಹೋದರು. ದೇವರನ್ನು ಕಳಿಸಿಕೊಟ್ಟರೋ ಇಲ್ಲವೋ ನನಗೆ ನಿಜವಾಗಿ ಗೊತ್ತಿಲ್ಲ, ಯಾರೂ ಇದುವರೆಗೆ ಕೇಳಿರಲಿಲ್ಲ ಎಂದಳು. ಭಟ್ಟರು ಶೂ ಹಾಕಿಕೊಂಡರು, ಆದರೆ ಲೇಸು ಕಟ್ಟಲಿಲ್ಲ, ಹಾಗೇ ನಡೆದರು.

ಮುಂದಿನದು ಅಲ್ಲೇ ಇದ್ದ ಮ್ಯೂಸಿಯಂ. ಅಲ್ಲಿ ಕಾಲಿಟ್ಟದ್ದೇ ತಪ್ಪಾಯಿತೇನೋ ಎಂದು ನನಗೆ ಈಗಲೂ ಅನ್ನಿಸುತ್ತದೆ. ಭಟ್ಟರ ಇಡೀ ಆಯಸ್ಸಿನ ಶಾಸ್ತ್ರಕ್ಕೆ ಎದುರಾಗಿ ಒಂದು ಅಂಗಳದ ತುಂಬ ಭಿನ್ನವಾದ ಮೂರ್ತಿಗಳು. ಮೂಗಿಲ್ಲದ್ದು, ತೋಳಿಲ್ಲದ್ದು, ಬರೀ ಮುಂಡ. ಒಂದೊಂದಕ್ಕೂ ಪೀಠ, ಮೇಲೆ ನೆರಳು, ಕಾವಲಿಗೆ ಸಮವಸ್ತ್ರದ ಹೆಂಗಸು. ಮುಟ್ಟಲು ಬಿಡುವುದಿಲ್ಲ. ಭೂಲೋಕದ ಜನವೆಲ್ಲ ಟಿಕೆಟ್ ಕೊಂಡು ಬಂದು ಮೆಲುದನಿಯಲ್ಲಿ ಮಾತಾಡುತ್ತ ಅವುಗಳ ಮುಂದೆ ನಿಲ್ಲುತ್ತಾರೆ. ಭಟ್ಟರು ಒಂದೊಂದರ ಮುಂದೂ ನಿಂತು ತಲೆಯಿಂದ ಕಾಲವರೆಗೆ ನೋಡಿದರು. ತಲೆ ಇಲ್ಲದವಕ್ಕೆ ಕುತ್ತಿಗೆಯಿಂದ.

ಒಂದು ಗಾಜಿನ ಪೆಟ್ಟಿಗೆಯಲ್ಲಿ ಮಣ್ಣಿನ ಕೈಗಳು, ಕಾಲುಗಳು, ಕಿವಿ ಇದ್ದವು. ‘ಪಾಪ, ಪೂರ ಪುಡಿಯಾಗಿದೆ’ ಎಂದು ಭಟ್ಟರು ಲೊಚಗುಟ್ಟಿದರು. ನಾನು ಅದನ್ನು ಗೈಡಿಗೆ ಹೇಳಿದೆ, ಅವಳು ಅಲ್ಲವೆಂದು ತಲೆಯಾಡಿಸಿದಳು. ಇವು ಮುರಿದವಲ್ಲ, ಇಷ್ಟೇ ಮಾಡಿದ್ದು. ಕಾಯಿಲೆ ವಾಸಿಯಾದವರು ವಾಸಿಯಾದ ಅಂಗವನ್ನು ಮಣ್ಣಿನಲ್ಲಿ ಮಾಡಿಸಿ ದೇವರಿಗೆ ಕೊಡುತ್ತಿದ್ದರು. ಭಟ್ಟರ ಮುಖ ಬದಲಾಯಿತು. ಹರಕೆ. ಅವರ ಊರಿನ ದೇವಸ್ಥಾನಗಳಲ್ಲೂ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುತ್ತಾರೆ. ಇವರ ಮಂಡಿಗೆಂದು ಹೆಂಡತಿ ಒಪ್ಪಿಸಿದ್ದ ಬೆಳ್ಳಿಯ ಕಾಲು ಅಲ್ಲೆಲ್ಲೋ ಹುಂಡಿಯಲ್ಲಿರಬೇಕು.

‘ಹಾಗಾದ್ರೆ ಇದ್ರಲ್ಲಿ ಮುರಿದದ್ದು ಯಾವುದು, ಸಮ ಇದ್ದದ್ದು ಯಾವುದು?’ ಎಂದು ನನ್ನನ್ನೇ ಕೇಳಿದರು.

ಅದಕ್ಕಿಂತ ದೊಡ್ಡ ಪೆಟ್ಟು ಕೊನೆಯಲ್ಲಿ ಬಿತ್ತು. ತಲೆಯಿಲ್ಲದ ಒಂದು ಎತ್ತರದ ಮೂರ್ತಿಯ ಕುತ್ತಿಗೆಯಲ್ಲಿ ಗುಂಡನೆಯ ಗುಳಿ ಕೊರೆದಿತ್ತು. ಗೈಡು ವಿವರಿಸಿದಳು. ರೋಮನ್ನರ ಕಾಲದ್ದು. ದೊರೆ ಬದಲಾದರೆ ಇಡೀ ಮೂರ್ತಿ ಯಾಕೆ ಕೆತ್ತಿಸಬೇಕು ಎಂದು ಹಳೆಯ ತಲೆ ತೆಗೆದು ಹೊಸದನ್ನು ಕೂರಿಸುತ್ತಿದ್ದರು. ನಮ್ಮವರೆಲ್ಲ ನಕ್ಕರು. ಭಟ್ಟರು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಹತ್ತಿರ ಬಂದರು, ದನಿ ತಗ್ಗಿತ್ತು.

‘ಅಮ್ಮ, ನಮ್ಮ ಗಣಪತಿಗೂ ತಲೆ ಬದಲಾಯಿಸಿದ್ದೇ ಅಲ್ದಾ?’

‘ಹೌದಲ್ಲ.’

‘ಇಡೀ ತಲೆ ಹೋಗಿ ಬೇರೆ ಬಂದ್ರೂ ದೇವ್ರೇ ಆಯ್ತು. ಸೊಂಡ್ಲಿನ ತುದಿ ಹೋದ್ರೆ ಆಗುದಿಲ್ವಾ?’

‘ಇಷ್ಟು ವರ್ಷ ಆಗೋದಿಲ್ಲ ಅಂತ ಹೇಳ್ತಾ ಬಂದಿರೋರು ನೀವು ಭಟ್ರೇ. ನನ್ನ ಲಕ್ಷ್ಮೀನ ಟವೆಲ್ ಬೀರುಗೆ ಹಾಕಿಸಿದೋರು.’

‘ಹೌದು ಮಾರಾಯ್ರೆ’ ಎಂದರು. ಬಸ್ಸಿನಲ್ಲಿ ಇಡೀ ದಾರಿ ಚೀಲದ ಜಿಪ್ಪನ್ನು ಒಂದಷ್ಟು ಎಳೆಯುವುದು, ಮುಚ್ಚುವುದು, ಇದೇ ಮಾಡುತ್ತಿದ್ದರು. ಬಿಡುವುದು ಬೇಡ ಅಂತಿದ್ದರೆ ಬೇಡ, ಹೇಳಿಬಿಡಿ ಎಂದೆ. ಕೊಟ್ಟ ಮಾತು ಹಾಗೆ ಬಿಡಲಿಕ್ಕುಂಟಾ, ಅವಳು ಏನೆಂದುಕೊಳ್ಳುತ್ತಾಳೆ ಎಂದರು.

ನಾಫ್ಲಿಯೊ ಚೆಂದದ ಊರು. ಇಕ್ಕಟ್ಟಿನ ಗಲ್ಲಿಗಳು, ಬಾಲ್ಕನಿಗಳಿಂದ ಇಳಿಬಿದ್ದ ಕಾಗದದ ಹೂವಿನ ಬಳ್ಳಿ, ಮೇಲೆ ಗುಡ್ಡದ ತಲೆಯಲ್ಲಿ ಕೋಟೆ. ಉಳಿದವರು ಐಸ್‌ಕ್ರೀಮಿಗೆ ಹೋದರು. ನಾನೂ ಭಟ್ಟರೂ ಗೈಡನ್ನು ಕೇಳಿಕೊಂಡು, ಕೋಟೆಗುಡ್ಡದ ಹಿಂದಿನ ಚಿಕ್ಕ ತೀರಕ್ಕೆ ಇಳಿದೆವು. ಮರಳಿಲ್ಲ, ಬರೀ ಬಿಳಿ ಗುಂಡುಕಲ್ಲುಗಳು, ನೀರಿಗೆ ಇಳಿಯುವ ಸಿಮೆಂಟಿನ ಮೆಟ್ಟಿಲು. ದಡದಿಂದ ಸ್ವಲ್ಪ ದೂರ, ನಮ್ಮ ವಯಸ್ಸಿನ ಗ್ರೀಕ್ ಹೆಂಗಸರು ನಾಲ್ಕೈದು ಜನ, ಹುಲ್ಲಿನ ಟೊಪ್ಪಿ ಹಾಕಿಕೊಂಡು, ಕುತ್ತಿಗೆವರೆಗೆ ನೀರಿನಲ್ಲಿ ನಿಂತು ಹರಟುತ್ತಿದ್ದರು.

ಭಟ್ಟರು ಕೊನೆಯ ಮೆಟ್ಟಿಲಲ್ಲಿ ಕೂತು, ಕೈ ಅದ್ದಿ ನೋಡಿ, ‘ಬೆಚ್ಚಗುಂಟು’ ಎಂದರು. ಗಣಪತಿಯನ್ನು ಅಂಗೈಯಲ್ಲಿಟ್ಟುಕೊಂಡು ಮಂತ್ರ ಹೇಳಿದರು. ದನಿ ಎಂದಿನಂತೆಯೇ ಇತ್ತು. ನಾನು ಅವರ ಅಂಗಿಯ ಕಾಲರ್ ಹಿಡಿದುಕೊಂಡು ಹಿಂದೆ ನಿಂತಿದ್ದೆ, ಜಾರಿ ಬಿದ್ದರೆ ಎಂದು. ಎರಡೂ ಕೈ ನೀರಿಗೆ ಚಾಚಿ ಬಿಟ್ಟರು. ಗಣಪತಿ ನಿಧಾನಕ್ಕೆ ಇಳಿದು, ಎದೆಮಟ್ಟದ ನೀರಿನ ತಳದಲ್ಲಿ ಬಿಳಿ ಕಲ್ಲುಗಳ ಮೇಲೆ ಅಂಗಾತ ಮಲಗಿದ.

ಮುಗಿಯಿತು ಎಂದು ನಾನು ಕೈ ಮುಗಿದೆ. ಭಟ್ಟರು ಏಳಲಿಲ್ಲ.

‘ಹೋಗೋಣ ಭಟ್ರೇ, ಬಸ್ಸಿಗೆ ಹೊತ್ತಾಯ್ತು.’

‘ತಡೀರಿ, ಅವನು ಹೋಗ್ಲಿ.’

‘ಎಲ್ಲಿಗೆ ಹೋಗ್ಬೇಕು?’

‘ಕಾಣ್ತಾ ಉಂಟಲ್ಲ ಮಾರಾಯ್ರೆ.’

ನಿಜವಾಗಿಯೂ ಕಾಣುತ್ತಿದ್ದ. ನೀರು ಅಷ್ಟು ತಿಳಿ. ಬಿಳಿಯ ಮೇಲೆ ಕಪ್ಪು, ಹೊಟ್ಟೆ, ಕಿವಿ, ಮುರಿದ ಸೊಂಡಿಲು, ಎಲ್ಲ ಸ್ಪಷ್ಟ. ಮೇಲೆ ಮುಖ ಮಾಡಿಕೊಂಡು ನಮ್ಮನ್ನೇ ನೋಡುತ್ತಿದ್ದ ಹಾಗಿತ್ತು. ಅವರ ಊರಿನ ಹೊಳೆಯಲ್ಲಾಗಲಿ ನಮ್ಮ ಥೇಮ್ಸಿನ ಬಾಯಲ್ಲಾಗಲಿ, ಬಿಟ್ಟ ದೇವರನ್ನು ಬಿಟ್ಟವರು ಮತ್ತೆ ಕಂಡದ್ದಿಲ್ಲ. ಕೈಬಿಟ್ಟರೆ ನೀರು ನುಂಗಿಬಿಡುತ್ತದೆ, ನಾವು ಬೆನ್ನು ತಿರುಗಿಸಿ ಮನೆಗೆ ಬರುತ್ತೇವೆ. ಈ ಕಡಲು ನುಂಗಲೇ ಇಲ್ಲ. ಕಡಲು ಬೆಚ್ಚಗಿರಲಿ ಎಂದು ಹೆಂಡತಿ ಕೇಳಿದ್ದರೇ ಹೊರತು, ಬೆಚ್ಚಗಿನ ಕಡಲು ಹೀಗೆ ಗಾಜಿನಂತಿರುತ್ತದೆ ಎಂದು ಆಕೆಗೂ ಗೊತ್ತಿರಲಿಲ್ಲ, ಇವರಿಗೂ ಗೊತ್ತಿರಲಿಲ್ಲ.

ಎಷ್ಟು ಹೊತ್ತು ಕೂತಿದ್ದರೋ. ಆಮೇಲೆ ಅವರು ಎದ್ದು, ಹಿಂದೆ ತಿರುಗುವುದು ಬಿಟ್ಟು ಮುಂದಕ್ಕೆ ಕಾಲಿಟ್ಟರು. ಪ್ಯಾಂಟು, ಶೂ, ಸೊಂಟದ ಪಾಸ್‌ಪೋರ್ಟ್ ಚೀಲ ಎಲ್ಲದರ ಸಮೇತ. ಕಡಲತೀರದಲ್ಲಿ ಹುಟ್ಟಿದ ಮನುಷ್ಯ, ಈಜು ಬರುವುದಿಲ್ಲ. ಹಾರ್ಟು ಬೇರೆ. ‘ಭಟ್ರೇ, ಬುದ್ಧಿ ನೆಟ್ಟಗಿದೆಯಾ, ಬನ್ನಿ ಮೇಲಕ್ಕೆ’ ಎಂದು ನಾನು ಕೂಗುತ್ತಿದ್ದರೆ ಅವರು ಎದೆಮಟ್ಟ ಇಳಿದು ಬಗ್ಗಲು ನೋಡುತ್ತಿದ್ದರು. ಬಗ್ಗಿದರೆ ಮೂಗಿಗೆ ನೀರು, ಎದ್ದರೆ ಗಣಪತಿ ಸಿಗುವುದಿಲ್ಲ. ನಾನು ಅಳುವುದೊಂದು ಬಾಕಿ.

ಟೊಪ್ಪಿಯ ಹೆಂಗಸರು ಹರಟೆ ನಿಲ್ಲಿಸಿ ಹತ್ತಿರ ಬಂದರು. ನಾನು ಕೈಸನ್ನೆಯಲ್ಲಿ ತಳ ತೋರಿಸಿದೆ. ಅವರಲ್ಲಿ ಎಲ್ಲರಿಗಿಂತ ದಪ್ಪಗಿದ್ದಾಕೆ ಟೊಪ್ಪಿಯನ್ನೂ ತೆಗೆಯದೆ, ಕಾಲ್ಬೆರಳಿನಿಂದ ತಡಕಿ, ಕಾಲಿನಲ್ಲೇ ಎತ್ತಿ ಕೈಗೆ ತೆಗೆದುಕೊಂಡಳು. ದೇವರನ್ನು ಕಾಲಿನಲ್ಲಿ! ಆಕೆ ಗಣಪತಿಯನ್ನು ತಿರುಗಿಸಿ ನೋಡಿದಳು. ಆನೆಯ ಮುಖ ಕಂಡು ಏನು ತಿಳಿದಳೋ, ಮುರಿದ ಸೊಂಡಿಲ ಮೇಲೆ ಬೆರಳಾಡಿಸಿ, ತಮ್ಮ ಕ್ರಮದಂತೆ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡು, ಅದಕ್ಕೆ ಮುತ್ತಿಟ್ಟು ಭಟ್ಟರ ಕೈಗೆ ಕೊಟ್ಟಳು. ಸ್ನಾನ ಮಾಡದೆ ದೇವರ ಪೆಟ್ಟಿಗೆ ಮುಟ್ಟಿದ್ದಕ್ಕೆ ನಮ್ಮ ನಾದಿನಿಯನ್ನು ಗದರಿಸಿದ್ದ ಮನುಷ್ಯ ಇವರು.

ಮೇಲೆ ಬಂದ ಮೇಲೆ ತಡೆಯಲಾರದೆ ಕೇಳಿದೆ. ‘ಕಾಲಲ್ಲಿ ಎತ್ತಿದಳಲ್ಲ ಭಟ್ರೇ. ಮಡಿಯ ಗತಿ ಏನು?’

‘ನೀರಲ್ಲೇ ನಿಂತಿದ್ದಾರಲ್ಲ ಅವ್ರು, ಇದಕ್ಕಿಂತ ಮಡಿ ಎಂತ ಬೇಕು?’ ಎಂದರು.

ಬಸ್ಸಿನ ಡ್ರೈವರು ಒದ್ದೆ ಬಟ್ಟೆಯವರನ್ನು ಹತ್ತಿಸುವುದಿಲ್ಲ ಎಂದು ಕೂತ. ಗೈಡು ಸೀಟಿನ ಮೇಲೆ ಕಸದ ಚೀಲ ಹಾಸಿಕೊಟ್ಟಳು. ಗುಂಪಿನವರಿಗೆ ಭಟ್ಟರು ಜಾರಿಬಿದ್ದರು ಎಂದೆ, ನಂಬಿದರು. ಅಥೆನ್ಸಿನ ದಾರಿಯಲ್ಲಿ ಅರ್ಧ ದೂರ ಬಂದ ಮೇಲೆ ಅವರು ಬಾಯಿ ಬಿಟ್ಟರು.

‘ಈಗ ಅವ್ಳಿಗೆ ಎಂತ ಹೇಳುದು?’

‘ನೀರು ಬೆಚ್ಚಗಿತ್ತು ತಾನೇ?’ ಎಂದೆ.

‘ಇತ್ತು.’

‘ಹಂಗಿದ್ರೆ ಅಷ್ಟು ಹೇಳಿ.’

ಅವರು ತಲೆಯಾಡಿಸಿದರು. ಸಮಾಧಾನವಾಯಿತೋ, ನನ್ನನ್ನು ಸಮಾಧಾನ ಮಾಡಲು ಹಾಗೆ ಮಾಡಿದರೋ ಗೊತ್ತಾಗಲಿಲ್ಲ.

ಲಂಡನ್ನಿಗೆ ಬಂದ ಮೇಲೆ ಭಟ್ಟರು ಪುರೋಹಿತಿಕೆ ನಿಲ್ಲಿಸಿಬಿಟ್ಟರು. ಯಾರಿಗೂ ಕಾರಣ ಹೇಳಲಿಲ್ಲ. ಮಂಡಿ ನೋವಿರಬೇಕು ಎಂದು ಕೆಲವರು, ಹೆಂಡತಿ ಹೋದ ಮೇಲೆ ತಲೆ ಸ್ವಲ್ಪ ಹಾಗಾಗಿದೆ ಎಂದು ಕೆಲವರು. ಅವರ ಜಾಗಕ್ಕೆ ಬೆಂಗಳೂರಿನಿಂದ ಬಂದ ಹೊಸ ಪುರೋಹಿತರು ಸಿಕ್ಕಿದರು, ಕಾಲರಿಗೆ ಮೈಕು ಸಿಕ್ಕಿಸಿಕೊಂಡು ಮಂತ್ರ ಹೇಳುವವರು. ನನಗೆ ಸಿಟ್ಟು ಬಂತು. ಕ್ವೀನ್ಸ್‌ಬರಿಯ ಅವರ ಮನೆಗೆ ಹೋಗಿ, ಇದೇನು ನಿಮ್ಮದು ಎಂದು ಅಡುಗೆಮನೆಯಲ್ಲೇ ಕೂತು ಕೇಳಿದೆ.

‘ಹೇಳಿಕೊಡುವವನಿಗೆ ಗೊತ್ತಿರ್ಬೇಕಲ್ಲಮ್ಮ. ನಂಗೀಗ ಗೊತ್ತಿಲ್ಲೆ.’

‘ಏನು ಗೊತ್ತಿಲ್ಲ?’

‘ಕಡಲಲ್ಲಿ ನಾ ಮಾಡಿದ್ದು ಸರಿ ಅಂತಾದ್ರೆ, ಇಷ್ಟು ವರ್ಷ ಜನಕ್ಕೆ ಹೇಳಿದ್ದೆಲ್ಲ ತಪ್ಪಾಯ್ತು. ಎಷ್ಟು ಮನೆಯ ದೇವ್ರನ್ನ ನೀರಿಗೆ ಹಾಕ್ಸಿದ್ದೆ ನಾನು. ತಪ್ಪು ಅಂತಾದ್ರೆ, ಅವ್ಳಿಗೆ ಕೊಟ್ಟ ಮಾತೂ ಹೋಯ್ತು, ಶಾಸ್ತ್ರವೂ ಹೋಯ್ತು. ಎರಡ್ರಲ್ಲಿ ಯಾವುದಾದ್ರೆ ಒಳ್ಳೇದು, ನೀವೇ ಹೇಳಿ ಕಾಂಬ.’

ಕಾಫಿ ಕುಡಿದು ಎದ್ದು ಬಂದೆ.

ಆದರೂ ಜನ ಒಡೆದ ದೇವರನ್ನು ತರುವುದು ಬಿಡಲಿಲ್ಲ. ಹೊಸ ಪುರೋಹಿತರು ಅದನ್ನೆಲ್ಲ ಮುಟ್ಟುವವರಲ್ಲ. ಚೀಲ ಹಿಡಿದು ಬಂದವರನ್ನು ಭಟ್ಟರು ಒಳಗೆ ಕರೆದು ಕೂರಿಸಿ ಒಂದೇ ಮಾತು ಕೇಳುತ್ತಿದ್ದರಂತೆ, ‘ಬಿಡ್ಲಿಕ್ಕೆ ಮನಸ್ಸುಂಟಾ?’ ಕೆಲವರು ಇದೇನು ಪ್ರಶ್ನೆ ಎಂದು ಮುಖ ಗಂಟಿಕ್ಕಿ ಚೀಲ ಇಟ್ಟು ಹೋದರು. ಒಬ್ಬಾಕೆ ಅತ್ತುಬಿಟ್ಟು, ಕೈ ಮುರಿದ ಬಾಲಕೃಷ್ಣನನ್ನು ವಾಪಸ್ಸು ಮನೆಗೆ ಕೊಂಡುಹೋದಳು. ಆಮೇಲೆ ಅವಳ ಗಂಡ ನನಗೆ ಫೋನ್ ಮಾಡಿ, ನಿಮ್ಮ ಭಟ್ಟರು ಹೀಗೆಲ್ಲ ಹೇಳಬಹುದೇ ಎಂದು ಜಗಳಕ್ಕೆ ಬಂದ. ಅವರನ್ನೇ ಕೇಳಿ, ನನಗೂ ತಲೆ ಕೆಟ್ಟಿದೆ ಎಂದು ಫೋನ್ ಇಟ್ಟೆ.

ಈಗ ಆ ತಲೆನೋವು ನೇರ ನನ್ನ ಮನೆಗೇ ಬಂತು. ದಹನವಾದ ಮೇಲೆ ಭಟ್ಟರ ಮಗಳು ಗಣಪತಿಯನ್ನು ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟಳು. ಅಪ್ಪನ ಬೂದಿಯನ್ನು ದೋಣಿಯಲ್ಲಿ ಹೋಗಿ ನದಿಯ ಬಾಯಲ್ಲಿ ಬಿಡುವುದಿದೆ. ಹೊಸ ಪುರೋಹಿತರು ಈ ಭಿನ್ನವಾದ ಗಣಪತಿಯನ್ನೂ ಅದರ ಜೊತೆಗೇ ಬಿಟ್ಟುಬಿಡಿ, ಎರಡೂ ಒಟ್ಟಿಗೆ ಮುಗಿಯಲಿ ಅಂದರಂತೆ. ‘ಗಣಪತಿ ವಿಷಯ ನಿಮಗೆ ಗೊತ್ತು ಅಂತ ಡ್ಯಾಡ್ ಯಾವಾಗಲೂ ಹೇಳುತ್ತಿದ್ದರು. ನಾನೇನು ಮಾಡಲಿ?’ ಎಂದಳು. ಕನ್ನಡ ಪೂರ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು.

ನನಗೆ ಗೊತ್ತು ಎಂದು ಹೇಳಿ ಹೋದರಲ್ಲ ಪುಣ್ಯಾತ್ಮರು! ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ಬೆಚ್ಚಗಿನ ಕಡಲು ಕೇಳಿದ್ದು, ಅಪ್ಪ ಬಿಟ್ಟದ್ದು, ಮತ್ತೆ ನೀರಿಗಿಳಿದದ್ದು. ಅವಳಿಗೆ ಅದೊಂದೂ ಗೊತ್ತಿರಲಿಲ್ಲ. ಬಟ್ಟೆ ಬಿಡಿಸಿ ಕಲ್ಲನ್ನು ಕೈಗೆತ್ತಿಕೊಂಡಳು.

‘ಭಾನುವಾರ ನಾನು ಹೋದಾಗ ಅವರು ದೇವರಕೋಣೆಯಲ್ಲಿ ಇರುತ್ತಿದ್ದರು ಆಂಟಿ’ ಎಂದಳು. ‘ಮಂತ್ರ ಎಲ್ಲ ನಿಲ್ಲಿಸಿಬಿಟ್ಟಿದ್ದರು. ಸುಮ್ಮನೆ ಇದರ ಹತ್ತಿರ ಮಾತಾಡುತ್ತಿದ್ದರು. ಬಸ್ಸು ತಡವಾಯಿತು, ಹುಳಿಗೆ ಉಪ್ಪು ಜಾಸ್ತಿಯಾಯಿತು, ಮಗಳು ಬಂದಿದ್ದಾಳೆ, ತೆಳ್ಳಗಾಗಿದ್ದಾಳೆ. ಮಾರಾಯ್ತಿ, ಮಾರಾಯ್ತಿ ಅಂತ, ಅಮ್ಮನನ್ನ ಕರೆಯುತ್ತಿದ್ದ ಹಾಗೇ.’

ನಾನು ಎದ್ದು ಹೋಗಿ ಕೆಟಲ್ ಹಾಕಿದೆ. ಕಣ್ಣು ಒರೆಸಿಕೊಳ್ಳಲು ಅದೊಂದು ನೆಪ.

ದೋಣಿಯ ದಿನ ನಾನೂ ಹೋಗಿದ್ದೆ. ಗಾಳಿ ಕೊರೆಯುತ್ತಿತ್ತು, ನೀರು ಎಂದಿನಂತೆ ಕೆಸರು. ಬೂದಿ ಬಿದ್ದದ್ದೂ ಕಾಣಲಿಲ್ಲ, ಹೋದದ್ದೂ ಕಾಣಲಿಲ್ಲ. ಪುರೋಹಿತರು ಈಗ ಅದನ್ನೂ ಬಿಡಿ ಎಂದು ಕೈಸನ್ನೆ ಮಾಡಿದರು. ಹುಡುಗಿಯ ಒಂದು ಕೈ ಕೋಟಿನ ಜೇಬಿನಲ್ಲೇ ಇತ್ತು. ನನ್ನ ಮುಖ ನೋಡಿದಳು. ನಾನು ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ, ನಿಜವಾಗಿ ನನಗೆ ಗೊತ್ತಿರಲಿಲ್ಲ. ಅವಳು ಕೈ ಹೊರಗೆ ತೆಗೆಯಲಿಲ್ಲ. ದೋಣಿ ತಿರುಗಿತು.

ನಿನ್ನೆ ಸಂಜೆ ಅವಳ ಮೆಸೇಜು ಬಂತು. ಗಣಪತಿಯನ್ನು ತನ್ನ ಫ್ಲ್ಯಾಟಿನ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದಾಳಂತೆ. ಮಂತ್ರ ಬಾರದು, ಕನ್ನಡದಲ್ಲಿ ಎರಡು ಮಾತು ಆಡಲೂ ನಾಲಿಗೆ ತೊದಲುತ್ತದೆ. ಇಂಗ್ಲಿಷಿನಲ್ಲಿ ಮಾತಾಡಿದರೆ ಆಗುತ್ತಾ ಆಂಟಿ ಎಂದು ಕೇಳಿದ್ದಳು.

ಯಾವ ಶಾಸ್ತ್ರದಲ್ಲಿ ಏನಿದೆಯೋ ನಾನು ಕಾಣೆ. ಭಟ್ಟರಿದ್ದಿದ್ದರೆ ಅವರೂ ಗೊತ್ತಿಲ್ಲೆ ಅನ್ನುತ್ತಿದ್ದರು. ಒಂದಷ್ಟು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ, ‘ಆಗುತ್ತೆ ಕಂದ, ನಿಮ್ಮಮ್ಮ ನಿನ್ನ ಇಂಗ್ಲಿಷ್ ಕೇಳ್ಕೊಂಡೇ ಅಲ್ವಾ ನಿನ್ನ ಸಾಕಿದ್ದು’ ಎಂದು ಕಳಿಸಿದೆ.